ತಮ್ಮನ ಹೆಬ್ಬೆರಳಿಗೆ ಹೊಂದಿಸಿದ ರಿಮೋಟು

ಮದುವೆ ಮನೆಯಲ್ಲಿ ಊಟ ಮುಗಿಸಿ ಹೊರಡುವ ಗಡಿಬಿಡಿಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದವರಿಗೆ ಮಾತ್ರ ಗೊತ್ತಾಗುವ ಒಂದು ಸಂಗತಿಯಿದೆ. ಅಳತೆ ಅದೇ, ಬಣ್ಣ ಅದೇ, ಪಟ್ಟಿಯೂ ಅದೇ. ಆದರೂ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಪಾದಕ್ಕೆ ಏನೋ ಇರಿಸುಮುರಿಸು. ಬೆರಳಿನ ಕೆಳಗೆ ನಮ್ಮದಲ್ಲದ ಒಂದು ತಗ್ಗು, ಹಿಮ್ಮಡಿಯಲ್ಲಿ ನಮ್ಮದಲ್ಲದ ಒಂದು ಸವೆತ. ಕಣ್ಣಿಗೆ ಕಾಣದ ಅಪರಿಚಿತನೊಬ್ಬ ನಮ್ಮ ಅಂಗಾಲಿನಡಿಯಲ್ಲೇ ನಡೆದು ಬರುತ್ತಿದ್ದಾನೆ ಅನ್ನಿಸಿಬಿಡುತ್ತದೆ. ಭೇರ್ಯದ ಮದುವೆಯೊಂದರಿಂದ ಹುಣಸೂರಿನವರೆಗೆ ನಾನು ಹೀಗೆ ಯಾರದೋ ಪಾದಗಳ ಮೇಲೆ ಬಂದಿದ್ದೇನೆ. ಆ ಪುಣ್ಯಾತ್ಮ ತುಸು ಎಡಕ್ಕೆ ವಾಲಿ ನಡೆಯುವವನಿರಬೇಕು. ಎರಡು ದಿನ ನಾನೂ ವಾಲಿದೆ.

ನಾವು ವಸ್ತುಗಳನ್ನು ಬಳಸುತ್ತೇವೆ ಎಂದುಕೊಂಡಿರುತ್ತೇವೆ. ಅವೂ ಸದ್ದಿಲ್ಲದೆ ನಮ್ಮನ್ನು ಬಳಸಿ, ಸವೆಸಿ, ನಮ್ಮ ಒಂದು ಅಚ್ಚನ್ನು ತಮ್ಮೊಳಗೆ ತೆಗೆದಿಟ್ಟುಕೊಳ್ಳುತ್ತವೆ ಎಂಬುದು ನಮ್ಮ ಗಮನಕ್ಕೆ ಬರುವುದು ತಡವಾಗಿ. ಪೆನ್ನಿನ ನಿಬ್ಬು ಒಡೆಯನ ಓರೆಯನ್ನು ಕಲಿಯುತ್ತದೆ. ಸೈಕಲ್ಲಿನ ಸೀಟು ಒಡೆಯನ ಭಾರವನ್ನು ಬಲ್ಲದು. ಒಡೆಯ ಬದುಕಿರುವಷ್ಟು ದಿನ ಇದೆಲ್ಲ ಬರಿಯ ಸವಕಲು. ಅವನು ಹೋದ ಮೇಲೆ ಅದಕ್ಕೆ ಏನು ಹೆಸರಿಡಬೇಕೆಂದು, ಇಪ್ಪತ್ತು ವರ್ಷ ಶಬ್ದಾರ್ಥಗಳನ್ನು ಕಲಿಸಿದ ನನಗೂ ತಿಳಿಯದು. ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಎಂಥ ಕಂದಪದ್ಯಕ್ಕಾದರೂ ಗಣ ವಿಂಗಡಿಸಬಲ್ಲೆ. ಮನೆಯಲ್ಲಿ ಫ್ಯೂಸ್ ಹೋದರೆ ಹೆಂಡತಿಯನ್ನು ಕರೆಯುತ್ತೇನೆ.

ಯಂತ್ರವಿದ್ಯೆಯೆಲ್ಲ ನನ್ನ ತಮ್ಮ ಮಹದೇವನ ಪಾಲಿಗೆ ಹೋಗಿತ್ತು. ಸಾಲಿಗ್ರಾಮದಲ್ಲಿ ಅವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಳೆಬದಿಯ ಗದ್ದೆಗಳ ಸುಟ್ಟ ಪಂಪುಗಳೆಲ್ಲ ಅವನ ಬಳಿಗೆ ಬಂದು, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು, ಮತ್ತೆ ನೀರೆತ್ತಲು ಹೋಗುತ್ತಿದ್ದವು. ಹದಿನೆಂಟನೆಯ ವಯಸ್ಸಿನಲ್ಲೇ ಅವನ ಎಡಗೈ ಹೆಬ್ಬೆರಳು ಪಂಪಿನ ಬೆಲ್ಟಿಗೆ ಸಿಕ್ಕಿ, ತುದಿಯ ಗೆಣ್ಣು ಒಳಕ್ಕೆ ಮಡಿಚಿಕೊಂಡಂತೆ ನಿಂತುಬಿಟ್ಟಿತ್ತು. ಆ ಡೊಂಕು ಬೆರಳಿನಿಂದಲೇ ಅವನು ಕೂದಲೆಳೆಯಷ್ಟು ತಂತಿಯನ್ನೂ ಎಣಿಕೆ ತಪ್ಪದೆ ಸುತ್ತುತ್ತಿದ್ದ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನಿರಾಶ್ರಿತರ ಕ್ಯಾಂಪಿನ ಬಳಿಯ ಕೊಪ್ಪದ ಸ್ವೆಟರ್ ಅಂಗಡಿಯ ಟಿಬೆಟನ್ ಗೆಳೆಯನೊಬ್ಬ, ತನ್ನ ಜಮೀನಿನ ಮೋಟಾರನ್ನು ಹೊಳೆಯ ಪಾಲಾಗದಂತೆ ಉಳಿಸಿಕೊಟ್ಟ ಪ್ರೀತಿಗೆ, ಮಹದೇವನಿಗೆ ಒಂದು ಪೆಟ್ಟಿಗೆ ಕೊಟ್ಟ. ಪರದೇಶದ ನೆಂಟರು ಕಳಿಸಿದ್ದಂತೆ. ಒಳಗೆ ಆಟದ ಹೆಲಿಕಾಪ್ಟರನ್ನು ಹಾರಿಸುವ ರೇಡಿಯೋ ಟ್ರಾನ್ಸ್‌ಮಿಟರ್: ಎದೆಯ ಮುಂದೆ ಹಿಡಿದುಕೊಳ್ಳುವಂಥ ಡಬ್ಬಿ, ಎರಡು ಹೆಬ್ಬೆರಳಿಗೆ ಎರಡು ಕಡ್ಡಿ, ನೆತ್ತಿಯ ಮೇಲೆ ಉದ್ದನೆಯ ಏರಿಯಲ್. ಜೊತೆಗೊಂದು ಕೇಬಲ್ಲು, ಒಂದು ಸೀಡಿ, ಒಂದು ಇಂಗ್ಲಿಷ್ ಪುಸ್ತಿಕೆ. ಹೆಲಿಕಾಪ್ಟರ್ ಮಾತ್ರ ಇರಲಿಲ್ಲ. ಸೀಡಿಯನ್ನು ಕಂಪ್ಯೂಟರಿಗೆ ಹಾಕಿ, ಕೇಬಲ್ಲಿನಿಂದ ರಿಮೋಟನ್ನು ಜೋಡಿಸಿದರೆ ಪರದೆಯ ಮೇಲೆ ಒಂದು ಹೆಲಿಕಾಪ್ಟರ್ ಬರುತ್ತದೆ. ನಿಜವಾದದ್ದನ್ನು ಕೊಳ್ಳುವ ಮೊದಲು ಅದರಲ್ಲಿ ಕಲಿಯಬೇಕು. ಅದಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಮಹದೇವ ಅಂಗಡಿಗೆ ಒಂದು ಹಳೆಯ ಕಂಪ್ಯೂಟರನ್ನೇ ತಂದಿಟ್ಟುಕೊಂಡ.

ಜೋಡಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಪುಸ್ತಿಕೆ ಓದಿ ಹೇಳು ಬಾ ಎಂದು ನನಗೆ ಮೂರು ಸಲ ಹೇಳಿಕಳಿಸಿದ. ಎರಡು ಸಲ ಪರೀಕ್ಷೆಯ ನೆಪ ಹೇಳಿದೆ. ಮೂರನೆಯ ಸಲ ಸಾಲಿಗ್ರಾಮಕ್ಕೆ ಹೋಗಿದ್ದವನು, ಅಂಗಡಿಯ ತುಂಬ ಗಿರಾಕಿಗಳಿರುವಾಗ, ಬುದ್ಧಿವಂತಿಕೆ ತೋರಿಸುವ ಚಪಲಕ್ಕೆ, "ನಲವತ್ತು ತುಂಬಿದವನು ಇಲ್ಲದ ಹೆಲಿಕಾಪ್ಟರಿಗೆ ರಿಮೋಟು ಹಿಡಿದು ಕೂತಿದ್ದಾನಲ್ಲ, ಇದಕ್ಕೆ ನಾನು ಬೇರೆ ಭಾಷ್ಯ ಬರೆಯಬೇಕೇನೋ?" ಎಂದೆ. ಎಲ್ಲರೂ ನಕ್ಕರು. ನನ್ನ ಪಾಠಕ್ಕೆ ಯಾವತ್ತೂ ಅಷ್ಟು ಒಳ್ಳೆಯ ನಗು ಸಿಕ್ಕಿದ್ದಿಲ್ಲ. ಮಹದೇವ ತಲೆ ಎತ್ತದೆ ತಂತಿ ಸುತ್ತುತ್ತಲೇ ಹೇಳಿದ: "ಆಯ್ತು ಬುಡಣ್ಣ. ಇನ್ನ ನಿನ್ನ ಏನೂ ಕೇಳಕಿಲ್ಲ."

ಕೇಳಲಿಲ್ಲ. ಒಂದೂವರೆ ವರ್ಷ ನನ್ನ ಮನೆಯ ಹೊಸಿಲು ತುಳಿಯಲಿಲ್ಲ, ನನ್ನೊಡನೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಹೊಳೆಯ ದಡದಲ್ಲಿ ಪಂಪು ಕೂರಿಸುತ್ತಿದ್ದವನಿಗೆ ಎದೆನೋವು ಬಂತು; ಕೆ.ಆರ್. ನಗರದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದುಹೋಯಿತು. ನಾನು ಹೋಗಿ ಪಕ್ಕದಲ್ಲಿ ಕೂತಾಗ ಅವನು ಮಾತಾಡದೆ ಮಲಗಿದ್ದ. ಅದು ಸಾವಿನ ಮೌನವೋ ಸಿಟ್ಟಿನ ಮೌನವೋ ಎಂದು ನನಗೆ ಆವತ್ತೂ ಬಿಡಿಸಲಾಗಲಿಲ್ಲ, ಆಮೇಲೂ ಎಷ್ಟೋ ದಿನ ಬಿಡಿಸಲಾಗಲಿಲ್ಲ. ಅವನು ನನ್ನನ್ನು ಕ್ಷಮಿಸಿ ಹೋದನೋ ಇಲ್ಲವೋ ಎಂಬುದೊಂದೇ ಪ್ರಶ್ನೆ ಬಸ್ಸಿನಲ್ಲಿ, ತರಗತಿಯಲ್ಲಿ, ತುತ್ತಿನ ನಡುವೆ ಬಂದು ಕೂರುತ್ತಿತ್ತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಮೂರು ವಾರವಿರುವಾಗ ಅವನ ಹೆಂಡತಿ ರತ್ನ ನನ್ನನ್ನು ಕರೆಸಿದಳು. ನಮ್ಮ ಕಡೆ ಅದು ಹಿರಿಯರ ಹಬ್ಬ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು, ದೀಪ ಹಚ್ಚಿ, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಕೈ ತಟ್ಟಿ ಸುಳಿವು ಕೊಟ್ಟು ಬಾಗಿಲು ತೆಗೆಯುತ್ತೇವೆ. ಆ ಹೊತ್ತಿನಲ್ಲಿ ಬದುಕಿರುವ ಯಾರೂ ಒಳಗಿರಕೂಡದು.

"ಕಜ್ಜಾಯ ನಾನು ಮಾಡ್ತೀನಿ, ಬೀಡಿ ತರಿಸ್ತೀನಿ," ಎಂದಳು ರತ್ನ. "ಆ ರಿಮೋಟು ಮಾತ್ರ ನೀವು ಸರಿ ಮಾಡ್ಕೊಡಬೇಕು ಭಾವ. ಅವ್ರು ದಿನಾ ಅಂಗಡೀಲಿ ಹಾರಿಸ್ತಿದ್ರು, ಬಿಚ್ಚಿ ಮನೆಗೆ ತಂದ್ಮೇಲೆ ಜೋಡ್ಸಕ್ಕೆ ಯಾರ್ಗೂ ಬರಾಕಿಲ್ಲ. ಅದು ಓಡ್ತಾ ಇರ್ಬೇಕು. ನಿಮ್ಗೆ ಇಂಗ್ಲಿಷು ಬತ್ತದಲ್ಲ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೀಗೆ, ಬೇಡಿಕೊಂಡಾಗ ಮುಟ್ಟದ ಪುಸ್ತಿಕೆಯನ್ನು ಕೇಳುವವನು ಹೋದ ಮೇಲೆ ಪಾರಾಯಣ ಮಾಡತೊಡಗಿದೆ. ಭಾನುವಾರ ಬೆಳಿಗ್ಗೆ ಹುಣಸೂರು ಬಿಟ್ಟು, ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಸಾಲಿಗ್ರಾಮ ಸೇರಿ, ಅಂಗಡಿಯಿಂದ ಮನೆಯ ಸಣ್ಣ ಕೋಣೆಗೆ ತಂದಿಟ್ಟಿದ್ದ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ವ್ರತವಾಯಿತು. ಪುಸ್ತಿಕೆಯ ಪ್ರಕಾರ ಮೊದಲು ರಿಮೋಟಿನ ಬೆನ್ನಿಗೆ ಕೇಬಲ್ ಸಿಕ್ಕಿಸಬೇಕು. ಎರಡನೆಯದಾಗಿ ಒಂದು ಗುಂಡಿಯನ್ನು ಒತ್ತಿ ಹಿಡಿದು, ಹಿಂದಿನ ಹೊಂದಾಣಿಕೆಗಳನ್ನೆಲ್ಲ ಅಳಿಸಿ, ಅದನ್ನು ಹೊಸದರಂತೆ ಮಾಡಿಕೊಳ್ಳಬೇಕು. ಆಮೇಲೆ ಕಡ್ಡಿಗಳನ್ನು ನಾಲ್ಕು ಮೂಲೆಗೂ ತಿರುಗಿಸಿ ಕಂಪ್ಯೂಟರಿಗೆ ಅಳತೆ ಕೊಡಬೇಕು. ಅಳಿಸುವ ಗುಂಡಿ ಯಾವುದೆಂದು ಚಿತ್ರದಲ್ಲಿ ನೋಡಿಕೊಂಡು ರಿಮೋಟನ್ನು ತಿರುಗಿಸಿದರೆ, ಆ ಗುಂಡಿಯ ಮೇಲೆ ಅಡ್ಡಲಾಗಿ ಬಿಳಿಯ ಅಂಟುಪಟ್ಟಿ, ಅದರ ಮೇಲೆ ಮಹದೇವನ ಅಕ್ಷರ: ಮುಟ್ಟಬೇಡ.

ಅಂಗಡಿಯ ಹುಡುಗರಿಗೋ ತನಗೇ ಎಚ್ಚರಿಕೆಗೋ ಬರೆದುಕೊಂಡದ್ದಿರಬೇಕು. ಆದರೆ ಆ ಗುಂಡಿಯ ಕಡೆಗೆ ಬೆರಳು ಹೋದವನು ಆ ಕ್ಷಣದಲ್ಲಿ ನಾನೊಬ್ಬನೇ. ನನ್ನ ಕೈ ತಾನಾಗಿ ಹಿಂದಕ್ಕೆ ಬಂತು. ಇಂಗ್ಲಿಷ್ ಪುಸ್ತಿಕೆ ಒತ್ತು ಎನ್ನುತ್ತದೆ, ತಮ್ಮನ ಕನ್ನಡ ಬೇಡ ಎನ್ನುತ್ತದೆ. ಅವನ ಮಾತನ್ನು ಒಂದು ಸಲವಾದರೂ ಕೇಳೋಣವೆಂದು ಎರಡನೆಯ ಹೆಜ್ಜೆಯನ್ನು ಬಿಟ್ಟು ಮೂರನೆಯದಕ್ಕೆ ಹೋದೆ.

ಪರದೆಯ ಮೇಲೆ ನಾಲ್ಕು ಪಟ್ಟಿಗಳು ಬಂದವು. ಕಡ್ಡಿಗಳನ್ನು ಮುಟ್ಟದೆ ಬಿಟ್ಟಾಗ ಅವು ನಿಶ್ಚಲವಾಗಿರಬೇಕು. ಮೂರು ನಿಂತವು. ನಾಲ್ಕನೆಯದು, ಹೆಲಿಕಾಪ್ಟರಿನ ಬಾಲಕ್ಕೆ ಸೇರಿದ್ದು, ನಡುವಿನಿಂದ ತುಸು ಬಲಕ್ಕೆ ಸರಿದು ಅಲ್ಲೇ ಸಣ್ಣಗೆ ಮಿಡಿಯುತ್ತಿತ್ತು. ಒಳಗಿನ ಬಿಡಿಭಾಗ ಸವೆದರೆ ಹಾಗಾಗುತ್ತದೆಂದು ಪುಸ್ತಿಕೆಯ ಕೊನೆಯ ಪುಟದಲ್ಲಿತ್ತು. ಅದನ್ನು ಓದಿದ ಮೇಲೂ ನಾನು ಆ ಮಿಡಿತವನ್ನು ನನ್ನ ಮಣಿಕಟ್ಟಿನ ನಾಡಿಯೊಡನೆ ಹೋಲಿಸಿ ನೋಡಿದೆ. ನನ್ನದು ವೇಗವಾಗಿತ್ತು.

ಆಮೇಲೆ ಬಯಲು ತೆರೆದುಕೊಂಡಿತು. ಅಂಥ ಬಯಲನ್ನು ನೀವು ನೋಡಿರಲಾರಿರಿ. ಹಸಿರು ಹುಲ್ಲು, ಅಂಚಿನಲ್ಲಿ ಒಂದೇ ಅಚ್ಚಿನ ಮರಗಳು, ಕದಲದ ಮೋಡ. ಹಕ್ಕಿಯಿಲ್ಲ, ಗಾಳಿಯಿಲ್ಲ, ನರಪಿಳ್ಳೆಯಿಲ್ಲ. ಹುಲ್ಲಿನ ನಡುವೆ ಒಂದು ಬಿಳಿಯ ವೃತ್ತ, ಅದರ ಮೇಲೆ ಹೆಲಿಕಾಪ್ಟರ್. ಅದಕ್ಕೆ ನೆರಳಿತ್ತು. ಆ ಬಯಲನ್ನು ನಾವು ನೋಡುವುದು ಅಲ್ಲಿ ಎಲ್ಲೋ ಒಂದು ಕಡೆ ನಿಂತಿರುವ ಹಾರಿಸುವವನ ಕಣ್ಣಿನಿಂದ. ಅವನಿಗೆ ಮಾತ್ರ ನೆರಳಿರಲಿಲ್ಲ. ಒಂದೂವರೆ ವರ್ಷ ದಿನವೂ ಆ ಜಾಗದಲ್ಲಿ ನಿಂತಿದ್ದವನು ಮಹದೇವ. ಅವನ ಜಾಗದಲ್ಲಿ ಈಗ ನಾನು ಬಂದು ನಿಂತಿದ್ದೆ. ರೆಕ್ಕೆ ತಿರುಗತೊಡಗಿತು. ನೆಲದಿಂದ ಗೇಣುದ್ದ ಎದ್ದ ಹೆಲಿಕಾಪ್ಟರ್, ನಾನು ಕೇಳದೆಯೇ, ಬಾಲವನ್ನು ನಿಧಾನವಾಗಿ ಆಚೆ ತಿರುಗಿಸಿ, ಮೂತಿಯನ್ನು ನನ್ನತ್ತ ತಂದು, ಯಾರಿವನು ಎಂಬಂತೆ ಒಂದು ಗಳಿಗೆ ನೋಡಿತು. ಕಾರಣ ಆ ಬಲಕ್ಕೆ ಸರಿದ ಪಟ್ಟಿಯೇ ಎಂದು ನನಗೆ ಗೊತ್ತಿತ್ತು. ಆದರೂ ನಾನು ಎಡಗಡೆಯ ಕಡ್ಡಿಯನ್ನು ಗಾಬರಿಯಿಂದ ಮೇಲಕ್ಕೆ ತಳ್ಳಿದೆ. ಅದು ಚಂಗನೆ ಆಕಾಶಕ್ಕೆ ಹಾರಿ, ಪಲ್ಟಿ ಹೊಡೆದು, ತಗಡು ಹರಿದ ಸದ್ದಿನೊಂದಿಗೆ ನೆಲಕ್ಕೆ ಬಿತ್ತು.

ಅಡುಗೆಮನೆಯಿಂದ ರತ್ನ ಕೇಳಿದಳು: "ಬಿತ್ತಾ ಭಾವ?"

ಆ ಮೂರು ಭಾನುವಾರಗಳಲ್ಲಿ ಅವಳು ಅದನ್ನು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ನಾನು ಏರಿಸಿದ್ದೆಲ್ಲ ಬಿತ್ತು. ಕೆಲವೊಮ್ಮೆ ಮರಕ್ಕೆ ಬಡಿದು, ಕೆಲವೊಮ್ಮೆ ಬೆನ್ನಡಿಯಾಗಿ, ಒಮ್ಮೆಯಂತೂ ನಾನು ನಿಂತಿದ್ದ ಜಾಗಕ್ಕೇ ಬಂದು ಪರದೆಯ ತುಂಬ ಚೂರಾಗಿ. "ಅವ್ರು ಇಳ್ಸಿದ್ರೆ ಸದ್ದೇ ಬತ್ತಿರ್ಲಿಲ್ಲ. ಅಂಗಡಿಗೆ ಊಟ ತಂದವಳು ಇಳೀತಾ ಇನ್ನೂ ಇಲ್ವಾ ಅಂತ ಬಗ್ಗಿ ನೋಡ್ಬೇಕಾಗಿತ್ತು," ಎಂದು ಅವಳು ಕಾಫಿ ಕೊಡುತ್ತ ಹೇಳಿದ್ದಳು. ನನಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ತೀರಿಹೋದ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಅಧೋಗತಿಯೆಂದು ಬಸ್ಸಿನಲ್ಲಿ ನನ್ನನ್ನೇ ಬೈದುಕೊಂಡೆ.

ಮೂರನೆಯ ಭಾನುವಾರ ಗುಟ್ಟು ತಿಳಿಯಿತು. ಹೆಲಿಕಾಪ್ಟರ್ ಗಾಳಿಯಲ್ಲಿ ನಿಲ್ಲಲು ಎಡಗಡೆಯ ಕಡ್ಡಿ ಅರ್ಧಕ್ಕೆ ಬರಬೇಕೆಂದು ಪುಸ್ತಿಕೆಯಲ್ಲಿದ್ದರೆ, ಈ ರಿಮೋಟಿನಲ್ಲಿ ಅದು ಕಾಲುಭಾಗಕ್ಕೇ ನಿಲ್ಲುವಂತೆ ಹೊಂದಿಸಿತ್ತು. ಮಡಿಚಿಕೊಂಡ ಹೆಬ್ಬೆರಳು ಅದಕ್ಕಿಂತ ಮೇಲೆ ಹೋಗಲಾರದು. ಡೊಂಕು ಬೆರಳು ಕಡ್ಡಿಯನ್ನು ಸದಾ ಅಂಗೈಯ ಕಡೆಗೆ, ಎಡಕ್ಕೆ ಎಳೆಯುತ್ತದೆಯಲ್ಲ, ಆ ಎಳೆತಕ್ಕೆ ಸರಿದೂಗಲೆಂದೇ ಬಾಲದ ಪಟ್ಟಿಯನ್ನು ಬಲಕ್ಕೆ ಸರಿಸಿತ್ತು. ಪುಸ್ತಿಕೆ ಓದಲು ಬಾರದವನು, ಓದಿ ಹೇಳುವವನು ಬಾರದಿದ್ದಾಗ, ಒಂದೊಂದೇ ಗುಂಡಿಯನ್ನು ತಿರುಗಿಸಿ ನೋಡಿ, ಬಿದ್ದು ಎದ್ದು, ಆ ಯಂತ್ರವನ್ನು ತನ್ನ ಬೆರಳಿನ ಆಕಾರಕ್ಕೆ ತಂದಿದ್ದ. ಬ್ಯಾಟರಿಯ ಚಾರ್ಜು ಇಳಿದು ತಿಂಗಳುಗಟ್ಟಲೆ ಬಿದ್ದಿದ್ದರೂ ಅದರ ನೆನಪು ಇಳಿದಿರಲಿಲ್ಲ. ಸುಟ್ಟು ಬೂದಿಯಾದ ಬೆರಳೊಂದು ಆ ಡಬ್ಬಿಯೊಳಗೆ ಹಾಗೇ ಮಡಿಚಿಕೊಂಡು ಕಾಯುತ್ತಿತ್ತು.

ನಾನು ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ನನ್ನ ಎಡ ಹೆಬ್ಬೆರಳನ್ನು ಅವನದರಂತೆ ಮಡಿಚಿ ಕಡ್ಡಿಯ ಮೇಲಿಟ್ಟೆ. ಹೆಲಿಕಾಪ್ಟರ್ ಎದ್ದಿತು, ಎದೆಯೆತ್ತರಕ್ಕೆ ಬಂದು ನಿಂತಿತು. ಕಂಪಿಸಲಿಲ್ಲ, ತಿರುಗಲಿಲ್ಲ. ಅದಕ್ಕೆ ಗುರುತು ಸಿಕ್ಕಿತ್ತು. ನನ್ನ ಬೆರಳಿನ ಗೆಣ್ಣಿನಲ್ಲಿ ನನಗೆಂದೂ ಇಲ್ಲದ ಒಂದು ಹಳೆಯ ನೋವು ಹರಿದಾಡಿತು. ಹೆದರಿ ಬೆರಳು ನೆಟ್ಟಗೆ ಮಾಡಿದೆ, ಎಂದಿನಂತೆ ಬಿತ್ತು.

ಹಬ್ಬದ ದಿನ ಮಧ್ಯಾಹ್ನ ಆ ಕೋಣೆಯಲ್ಲೇ ಎಡೆ. ಕಿಟಕಿ ಮುಚ್ಚಿ, ಗೋಡೆಗೆ ಮಹದೇವನ ಫೋಟೋ ಒರಗಿಸಿ, ಬಾಳೆಯೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ. ಪಕ್ಕದಲ್ಲಿ ಹೊಸ ಪಂಚೆ, ಬೀಡಿಯ ಕಟ್ಟು, ಬೆಂಕಿಪೊಟ್ಟಣ, ರಿಮೋಟು. ಪರದೆಯ ಬಯಲಿನಲ್ಲಿ ಹೆಲಿಕಾಪ್ಟರ್ ವೃತ್ತದ ಮೇಲೆ ಕೂತು ಸಣ್ಣಗೆ ಗುರುಗುಡುತ್ತಿತ್ತು. ಅಷ್ಟರಲ್ಲಿ ಕೇಬಲ್ ಸಡಿಲವಾಗಿ ಸದ್ದು ನಿಂತಿತು. ನಾನು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಟೇಬಲ್ಲಿನ ಕೆಳಗೆ ನುಸುಳಿ, ಕಂಪ್ಯೂಟರಿನ ಬೆನ್ನಿನಲ್ಲಿ ತೂತು ಹುಡುಕುತ್ತಿದ್ದೆ. ರತ್ನ ಎಲ್ಲರನ್ನೂ ಆಚೆ ಕಳಿಸುವುದು, ಊದುಬತ್ತಿ ಹಚ್ಚುವುದು ಕಿವಿಗೆ ಬೀಳುತ್ತಿತ್ತು. ಬಾಯಲ್ಲಿ ಟಾರ್ಚಿದ್ದವನು ಹೂಂ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು, ಹೊರಗಿನಿಂದ ಚಿಲಕವೂ ಬಿತ್ತು.

ನನ್ನ ಸ್ಥಿತಿಯನ್ನು ದಯವಿಟ್ಟು ಯೋಚಿಸಿ. ಹಿರಿಯರು ಬಂದು ಉಣ್ಣುವ ಕೋಣೆ, ಒಳಗೆ ನಾನು. ಹೊರಗೆ ನನ್ನ ಹೆಂಡತಿ, ರತ್ನ, ನಾಲ್ಕಾರು ನೆಂಟರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಡೆ ಇಟ್ಟ ಕೋಣೆಯ ಬಾಗಿಲನ್ನು ಒಳಗಿನಿಂದ ತಟ್ಟಿದರೆ ತೆಗೆಯುವ ಎದೆಗಾರಿಕೆ ಯಾರಿಗಿದ್ದೀತು? ಕೂಗಿದರೆ ವಿಧವೆಯ ಮೊದಲ ಎಡೆ ಕೆಟ್ಟಂತೆ. ಸುಮ್ಮನಿರೋಣವೆಂದು ಕೇಬಲ್ಲನ್ನು ಒತ್ತಿದೆ. ಕೂಡಲೇ ಮೇಲೆ ರೆಕ್ಕೆಯ ಸದ್ದು ಜೋರಾಯಿತು. ತಲೆಯನ್ನು ಟೇಬಲ್ಲಿಗೆ ಬಡಿದುಕೊಂಡು ಎದ್ದು ನೋಡಿದರೆ ಹೆಲಿಕಾಪ್ಟರ್ ನೆಲ ಬಿಟ್ಟು ಏರುತ್ತಿದೆ. ರಿಮೋಟು ಎಲೆಯ ಪಕ್ಕದಲ್ಲಿ ಇಟ್ಟಲ್ಲೇ ಇತ್ತು. ತಂತಿ ಎಳೆದು ಕಡ್ಡಿ ಜರುಗಿರಬೇಕು. ಇನ್ನೆರಡು ಗಳಿಗೆಗೆ ಅದು ಬಿದ್ದು ಆ ಹಾಳು ಸದ್ದು ಹೊರಗೆ ಕೇಳಿಸುತ್ತದೆಂದು ರಿಮೋಟನ್ನು ಎತ್ತಿಕೊಂಡು ಬೆರಳು ಮಡಿಚಿದೆ. ಅದು ನಿಂತಿತು.

ದೀಪದ ಬೆಳಕಿನಲ್ಲಿ ಫೋಟೋದ ಗಾಜು ಹೊಳೆಯುತ್ತಿತ್ತು. ಊದುಬತ್ತಿಯ ಹೊಗೆ ನೆಟ್ಟಗೆ ಏರುತ್ತಿದ್ದದ್ದು, ಆ ರೆಕ್ಕೆಯ ಗಾಳಿ ತಗುಲಿದಂತೆ, ಒಂದು ಕಡೆಗೆ ವಾಲಿತು. ಪರದೆಯೊಳಗಿನ ರೆಕ್ಕೆಗೆ ಗಾಳಿಯಿಲ್ಲವೆಂದು ನನಗೆ ನಾನೇ ಎರಡು ಸಲ ಹೇಳಿಕೊಂಡೆ.

ಬಾಗಿಲಿನ ಆಚೆಯಿಂದ ರತ್ನಳ ದನಿ ಬಂತು. "ಬಂದ್ರಾ?" ಎಂದಳು. ಆಮೇಲೆ ಕದಕ್ಕೆ ಬಾಯಿಟ್ಟು ಹೇಳಿದಂತೆ ತಗ್ಗಿದ ದನಿಯಲ್ಲಿ ಮುಂದುವರಿಸಿದಳು: "ಭಾವ ಮೂರು ವಾರದಿಂದ ಬಂದು ಒದ್ದಾಡ್ತಾವ್ರೆ. ಊಟನೂ ಸರ್ಯಾಗಿ ಮಾಡಾಕಿಲ್ಲ. ಅವ್ರ ಮೇಲೆ ಮನಸ್ನಲ್ಲಿ ಏನೂ ಮಡಿಕಂಡಿಲ್ಲ ಅಂದ್ರೆ, ಅದನ್ನ ಮೆತ್ತಗೆ ಇಳ್ಸಿ."

ನನ್ನ ಪ್ರಶ್ನೆಯನ್ನು ಅವಳು ಕೇಳಿದ್ದಳು. ಉತ್ತರ ಕೊಡಬೇಕಾದವನ ಜಾಗದಲ್ಲಿ ನಾನೇ ನಿಂತಿದ್ದೆ. ಮೆತ್ತಗೆ ಇಳಿಸಿದರೆ ತೀರಿಹೋದವನ ಹೆಸರಿನಲ್ಲಿ ನನ್ನನ್ನು ನಾನೇ ಕ್ಷಮಿಸಿಕೊಂಡಂತೆ. ಅದಕ್ಕಿಂತ ನಾಚಿಕೆಗೆಟ್ಟ ಖೋಟಾ ಸಹಿ ಇನ್ನೊಂದಿಲ್ಲ. ಕೆಡವಿದರೆ, ಗಂಡ ಸಿಟ್ಟು ಹೊತ್ತೇ ಹೋದನೆಂದು ಆ ಹೆಂಗಸು ಉಳಿದ ಜನ್ಮವೆಲ್ಲ ನಂಬಬೇಕು. ಮೆತ್ತಗೆ ಇಳಿಸಲು ನನಗೆ ಬರುತ್ತಲೂ ಇರಲಿಲ್ಲ ಎಂಬುದು ಬೇರೆ. ಮಡಿಚಿದ ಬೆರಳು ಸೋಲುತ್ತಿತ್ತು. ಕಣ್ಣು ತುಂಬಿ ಬಯಲು ಕದಡಿತು. ನನ್ನಿಂದ ಆಗಲ್ಲ ಕಣೋ ಮಹದೇವ, ತಪ್ಪಾಯ್ತು, ಏನು ಮಾಡ್ತೀಯೋ ನೀನೇ ಮಾಡು ಎಂದು ಮನಸ್ಸಿನಲ್ಲಿ ಅಂದು, ಬೀಳುವ ಸದ್ದಿಗೆ ಮೈ ಬಿಗಿಮಾಡಿಕೊಂಡು ಕಣ್ಣು ಮುಚ್ಚಿದೆ.

ಸದ್ದು ಬರಲಿಲ್ಲ. ರೆಕ್ಕೆಯ ಗುಂಯ್‌ಗುಡುವಿಕೆ ತೆಳುವಾಗುತ್ತ, ಇನ್ನೂ ತೆಳುವಾಗುತ್ತ, ಯಾವಾಗ ನಿಂತಿತೆಂದು ತಿಳಿಯದಂತೆ ನಿಂತಿತು. ಕಣ್ಣು ತೆರೆದರೆ ಹೆಲಿಕಾಪ್ಟರ್ ಬಿಳಿಯ ವೃತ್ತದ ನಟ್ಟನಡುವೆ ಕೂತಿತ್ತು. ಸೋತ ಬೆರಳು ಕಡ್ಡಿಯನ್ನು ತಾನಾಗಿ ನಿಧಾನಕ್ಕೆ ಕೆಳಗೆ ತಂದಿರಬಹುದು. ಅಷ್ಟು ತರ್ಕ ನನ್ನ ಬಳಿಯೂ ಇದೆ.

ಹೊರಗೆ ಮೂರು ಸಲ ಕೈ ತಟ್ಟಿದ ಸದ್ದಾಗಿ ಬಾಗಿಲು ತೆರೆಯಿತು. ರತ್ನ ಒಬ್ಬಳೇ ಒಳಗೆ ಬಂದು ಕದವನ್ನು ಹಿಂದಕ್ಕೆ ಓರೆಮಾಡಿದಳು. ಎದೆಗೆ ರಿಮೋಟು ಅವಚಿಕೊಂಡು ನಿಂತಿದ್ದ ನನ್ನನ್ನು ನೋಡಿ ಅವಳು ಬೆಚ್ಚಲಿಲ್ಲ.

"ನೀವು ಒಳಗಿರೋದು ಗೊತ್ತಿತ್ತು ಭಾವ. ಟೇಬಲ್ ಕೆಳ್ಗೆ ಕಾಲು ಕಾಣ್ತಿತ್ತು. ಅಣ್ತಮ್ಮ ಇಬ್ರೇ ಒಸಿ ಹೊತ್ತು ಇರ್ಲಿ ಅಂತ ಚಿಲ್ಕ ಹಾಕ್ದೆ," ಎಂದಳು.

ನನಗೆ ತಲೆ ಎತ್ತಲಾಗಲಿಲ್ಲ. "ಅದನ್ನು ಇಳಿಸಿದ್ದು ನಾನೇ ಕಣಮ್ಮ. ಅವನಲ್ಲ," ಎಂದೆ.

ಅವಳು ಪರದೆಯ ಮೇಲೆ ವೃತ್ತದ ನಡುವೆ ಕೂತಿದ್ದ ಹೆಲಿಕಾಪ್ಟರನ್ನು ನೋಡಿದಳು. ಆಮೇಲೆ ಬಗ್ಗಿ, ಎಡೆಯ ಎಲೆಯನ್ನು ನನ್ನ ಮುಂದಕ್ಕೆ ಸರಿಸಿ, ಕೂರಲು ಮಣೆ ಹಾಕಿದಳು.

"ನಿಮ್ಗೆಲ್ಲಿ ಬತ್ತದೆ ಭಾವ ಇಳ್ಸಕ್ಕೆ," ಎಂದಳು.